ಸತ್ತವರನ್ನು ಹೂಳುವ ಊರು: ‘ಶಿಕಿ’ ಓದಿದವರೊಬ್ಬರಿಗೆ ಉತ್ತರ

ಪ್ರಶ್ನೆ: ‘ಶಿಕಿ’ ಎಂಬ ಜಪಾನಿ ಮಾಂಗಾದ, ಅಂದರೆ ಚಿತ್ರಕಥೆಯ, ಹನ್ನೊಂದೂ ಸಂಪುಟ ಓದಿ ಮುಗಿಸಿದೆ. ಬೆಟ್ಟಗಳ ನಡುವೆ ಒಂದು ಸಣ್ಣ ಹಳ್ಳಿ, ಬೇಸಿಗೆಯಲ್ಲಿ ಒಬ್ಬರ ಹಿಂದೊಬ್ಬರು ಸಾಯುವುದು, ಸತ್ತವರು ಗೋರಿಯಿಂದೆದ್ದು ಬಂದು ತಮ್ಮ ಮನೆಯವರದೇ ನೆತ್ತರು ಹೀರುವುದು. ಮೊದಲ ನಾಲ್ಕೈದು ಸಂಪುಟ ಓದುವಾಗ, ಇಷ್ಟು ಜನ ಸತ್ತರೂ ಊರಿನವರಿಗೆ ಯಾಕೆ ಗೊತ್ತಾಗುತ್ತಿಲ್ಲ ಎಂದು ಸಿಟ್ಟು ಬರುತ್ತಿತ್ತು. ಕೊನೆಗೆ ಬಂದಾಗ ಪಿಶಾಚಿಗಳ ಮೇಲೆ ಮರುಕ, ಮನುಷ್ಯರ ಮೇಲೆ ಹೇಸಿಗೆ. ಯಾರ ಪರ ನಿಲ್ಲಬೇಕೋ ತಿಳಿಯದೆ ಪುಸ್ತಕ ಮುಚ್ಚಿದೆ. ಇದು ಕಥೆಗಾರರ ಸೋಲೇ, ನನ್ನ ಓದಿನ ತಪ್ಪೇ? ಮೂಲ ಕಾದಂಬರಿ ಮತ್ತು ಅನಿಮೆಯಲ್ಲೂ (ಕಾರ್ಟೂನ್ ಸರಣಿಯಲ್ಲೂ) ಹೀಗೆಯೇ ಇದೆಯೇ?

ಉತ್ತರ: ನೀವು ತಪ್ಪಾಗಿ ಓದಿಲ್ಲ. ಮೊದಲು ಬಂದ ಸಿಟ್ಟು, ಆಮೇಲೆ ಬಂದ ಹೇಸಿಗೆ ಎರಡಕ್ಕೂ ಬೇರು ಒಂದೇ ಕಡೆ ಇದೆ, ಅದನ್ನು ತೋರಿಸಲು ಪ್ರಯತ್ನಿಸುತ್ತೇನೆ. ಇನ್ನೂ ಓದದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಕಥೆಯ ಕೊನೆಯ ತನಕ ಎಲ್ಲವನ್ನೂ ಬಿಚ್ಚಿ ಮಾತಾಡದೆ ನಿಮಗೆ ಉತ್ತರ ಕೊಡಲು ಆಗುವುದಿಲ್ಲ.

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಮೂಲ ಕಾದಂಬರಿ ಓನೊ ಫುಯುಮಿ ಅವರದು. 1998ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಬಂತು, ಆಮೇಲೆ ಅಗ್ಗದ ಆವೃತ್ತಿಯಲ್ಲಿ ಐದು ಸಂಪುಟಗಳಾಯಿತು. ಫುಜಿಸಾಕಿ ರ್ಯೂ ಅದನ್ನು ಮಾಂಗಾ ಮಾಡಿದ್ದು 2007ರ ಕೊನೆಯಿಂದ 2011ರವರೆಗೆ, ‘ಜಂಪ್ ಸ್ಕ್ವೇರ್’ ಮಾಸಪತ್ರಿಕೆಯಲ್ಲಿ. 2010ರಲ್ಲಿ ಬಂದ ಅನಿಮೆಗೆ 22 ಕಂತು, ಜೊತೆಗೆ ಡಿವಿಡಿಯಲ್ಲಿ ಮಾತ್ರ ಬಂದ ಎರಡು. ದೊಡ್ಡ ವ್ಯತ್ಯಾಸ ನತ್ಸುನೊ ಎಂಬ ಹುಡುಗನದು. ಕಾದಂಬರಿಯಲ್ಲಿ ಅವನು ಸಾಯುತ್ತಾನೆ, ಮತ್ತೆ ಏಳುವುದಿಲ್ಲ. ಎಲ್ಲರಿಗಿಂತ ಮೊದಲು ಸತ್ಯ ಕಂಡ ಹುಡುಗ ಹಾಗೆ ಅರ್ಧಕ್ಕೆ ಹೋಗಿಬಿಟ್ಟಾಗ ಓದುಗ ನಿಜವಾಗಿಯೂ ಅನಾಥನಾಗುತ್ತಾನೆ. ಮಾಂಗಾದಲ್ಲಿ ಅವನು ಅರ್ಧ ಮನುಷ್ಯ, ಅರ್ಧ ಪಿಶಾಚಿಯಾಗಿ ಎದ್ದು ಬಂದು ಊರಿನ ಡಾಕ್ಟರ ಜೊತೆ ಸೇರುತ್ತಾನೆ, ಅನಿಮೆಯೂ ಅದೇ ದಾರಿ ಹಿಡಿದಿದೆ. ನನಗೆ ಕಾದಂಬರಿಯ ನಿರ್ಧಾರವೇ ಹೆಚ್ಚು ಧೈರ್ಯದ್ದು ಅನಿಸುತ್ತದೆ. ಆದರೆ ಚಿತ್ರಕಥೆಗೆ ಕಣ್ಣು ನೆಡಲು ಒಂದು ಮುಖ ಬೇಕಿತ್ತು, ಫುಜಿಸಾಕಿ ಅದನ್ನು ನತ್ಸುನೊನಿಂದ ಪಡೆದರು. ಉಳಿದಂತೆ, ನಿಮ್ಮನ್ನು ಕಾಡಿದ ಸಂಕಟ ಮೂರರಲ್ಲೂ ಇದೆ.

ಈಗ ನಿಧಾನದ ವಿಷಯ. ಊರಿನ ಹೆಸರು ಸೊತೊಬಾ. ಮಾಂಗಾದಲ್ಲಿ ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ, ನಾವೂ ಹೆಸರೆಂದು ಓದಿ ದಾಟುತ್ತೇವೆ. ಸೊತೊಬಾ ಎಂದರೆ ಜಪಾನಿನ ಗೋರಿಗಳ ಹಿಂದೆ ನಿಲ್ಲಿಸುವ ಉದ್ದನೆಯ, ತೆಳ್ಳಗಿನ ಮರದ ಹಲಗೆ. ನಾನು ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದ್ದು ಕ್ಯೋಟೋದ ಒಂದು ಸಣ್ಣ ದೇವಾಲಯದ ಹಿಂಭಾಗದಲ್ಲಿ. ಆಳೆತ್ತರಕ್ಕಿಂತ ಹೆಚ್ಚಿನ ಹಲಗೆಗಳು, ಗೋರಿಯ ಹಿಂದೆ ಕಬ್ಬಿಣದ ಚೌಕಟ್ಟಿಗೆ ಒರಗಿ ನಿಂತಿದ್ದವು. ಗಾಳಿ ಬಂದರೆ ಒಂದಕ್ಕೊಂದು ಬಡಿದು ಟಕಟಕ ಸದ್ದು. ಪ್ರತಿ ಹಲಗೆಯ ಮೇಲ್ತುದಿಯಲ್ಲಿ, ಎರಡೂ ಅಂಚಿಗೆ ಗೀರು ಕಡಿದು ಐದು ಆಕಾರ ಮೂಡಿಸಿರುತ್ತಾರೆ. ಮೇಲಿನಿಂದ ಕೆಳಕ್ಕೆ ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿ. ಆ ಆಕಾರಗಳ ನೇರಕ್ಕೆ ಮಸಿಯಲ್ಲಿ ಬರೆದ ಐದು ಅಕ್ಷರಗಳು ಜಪಾನಿಯವೂ ಅಲ್ಲ, ಚೀನೀಯವೂ ಅಲ್ಲ. ಭಾರತದಿಂದ ಹೋದ ಹಳೆಯ ಸಿದ್ಧಂ ಲಿಪಿಯವು: ಖ, ಹ, ರ, ವ, ಅ. ನಮ್ಮ ಅಕ್ಷರಮಾಲೆಯ ಧ್ವನಿಗಳೇ. ಸೊತೊಬಾ ಎಂಬ ಪದವೇ ನಮ್ಮ ‘ಸ್ತೂಪ’. ಚೀನಾದ ದಾರಿ ಹಿಡಿದು ಜಪಾನಿಗೆ ಹೋಗುವಷ್ಟರಲ್ಲಿ ಉಚ್ಚಾರ ಹಾಗಾಯಿತು. ಕಲಬುರಗಿ ಜಿಲ್ಲೆಯ ಸನ್ನತಿ ಬಳಿ ಕನಗನಹಳ್ಳಿಯಲ್ಲಿ ಭೀಮಾ ತೀರದ ಆ ದೊಡ್ಡ ಸ್ತೂಪದ ಅವಶೇಷ ನೋಡಿದವರಿಗೆ, ಅದೇ ಸ್ತೂಪ ಸಾವಿರಾರು ಮೈಲಿ ನಡೆದು ಒಂದು ಮರದ ಪಟ್ಟಿಯಾಗಿ ನಿಂತಿದೆ ಎಂದರೆ ನಂಬುವುದು ಕಷ್ಟ.

ಕಥೆಯ ಹಳ್ಳಿ ಹುಟ್ಟಿದ್ದೇ ಈ ಹಲಗೆಯಿಂದ. ಸುತ್ತಲಿನ ಬೆಟ್ಟದ ತುಂಬ ‘ಮೊಮಿ’ ಎಂಬ ಫರ್ ಜಾತಿಯ ಮರಗಳು, ಅವುಗಳಿಂದ ಗೋರಿಯ ಹಲಗೆ, ಹೆಣದ ಪೆಟ್ಟಿಗೆ ಮಾಡುವುದು ಪೂರ್ವಿಕರ ಕಸುಬು. ಸಾವೇ ಇವರ ಅನ್ನ. ಜನಸಂಖ್ಯೆ ಸುಮಾರು 1,300. ಮತ್ತು ಈ ಊರಿನವರು ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ.

ಇಲ್ಲಿಯೇ ಕನ್ನಡದ ಓದುಗರಿಗೆ ಒಂದು ಎಳೆ ಕೈತಪ್ಪುತ್ತದೆ. ನಮ್ಮಲ್ಲಿ ಹೂಳುವವರೂ ಇದ್ದಾರೆ, ಸುಡುವವರೂ ಇದ್ದಾರೆ, ಒಂದೇ ಊರಲ್ಲಿ ಎರಡೂ ನಡೆಯುತ್ತದೆ. ಹೂಳುತ್ತಾರೆ ಎಂದು ಓದಿದರೆ ನಮ್ಮ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಜಪಾನಿನ ಓದುಗ ಮಾತ್ರ ಅಲ್ಲೇ ಬೆಚ್ಚಿಬೀಳುತ್ತಾನೆ. ಅಲ್ಲಿ ಇಂದು ನೂರಕ್ಕೆ 99ಕ್ಕೂ ಹೆಚ್ಚು ಶವಗಳನ್ನು ಸುಡುತ್ತಾರೆ. ಯಾವಾಗಲೂ ಹಾಗಿರಲಿಲ್ಲ. ಮೆಯಿಜಿ ಸರ್ಕಾರ 1873ರಲ್ಲಿ ಶವದಹನವನ್ನೇ ನಿಷೇಧಿಸಿತ್ತು, ಎರಡು ವರ್ಷಕ್ಕೆ ಹಿಂತೆಗೆದುಕೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಹೂಳುವವರೇ ಹೆಚ್ಚು. ಪಟ್ಟಣಗಳು ಬೆಳೆದು, ಜಾಗ ಸಾಲದೆ, ಸಾರ್ವಜನಿಕ ಚಿತಾಗಾರಗಳು ಎಲ್ಲೆಡೆ ಬಂದ ಮೇಲೆ ಹೂಳುವುದು ಹಿಂದೆ ಸರಿಯುತ್ತ ಕೆಲವು ಬೆಟ್ಟದ ಹಳ್ಳಿಗಳಿಗೆ ಸೀಮಿತವಾಯಿತು. ಕಾನೂನು ಅಡ್ಡಬಂದಿಲ್ಲ. 1948ರ ಸ್ಮಶಾನ ಕಾಯ್ದೆಯಡಿ ಸ್ಥಳೀಯ ಆಡಳಿತದ ಅನುಮತಿ ಪಡೆದು ಹೂಳಬಹುದು, ಸಾಮಾನ್ಯವಾಗಿ ಸಾವಿನ ನಂತರ 24 ಗಂಟೆ ಕಳೆದಿರಬೇಕು ಅಷ್ಟೆ.

ಹಾಗಾದರೆ ರಕ್ತಪಿಶಾಚಿಗಳು ಜಪಾನಿನಲ್ಲಿ ಎಲ್ಲಿ ಬದುಕಲು ಸಾಧ್ಯ? ಸತ್ತವರೆಲ್ಲ ಬೂದಿಯಾಗುವ ದೇಶದಲ್ಲಿ ಮತ್ತೆ ಏಳಲು ದೇಹವೇ ಇರುವುದಿಲ್ಲ. ಹೂಳುವ ಊರು ಬೇಕು, ಅದು ಹೊರಗಿನವರ ಕಣ್ಣಿಗೆ ಬೀಳದಷ್ಟು ಸಣ್ಣದಿರಬೇಕು. ಪಿಶಾಚಿಗಳ ಕಿರಿಶಿಕಿ ಕುಟುಂಬ ಕನೆಮಸಾ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡು ಇಲ್ಲಿಗೇ ಬಂದದ್ದು ಅದಕ್ಕೆ. ಇದೊಂದನ್ನು ಹಿಡಿದುಕೊಂಡು ಮತ್ತೆ ಮೊದಲ ಸಂಪುಟ ತೆರೆದರೆ ಕಥೆ ನಿಧಾನವಾಗಿ ಕಾಣುವುದಿಲ್ಲ. ಪ್ರತಿ ಶವಸಂಸ್ಕಾರವೂ ಒಂದು ಬಿತ್ತನೆ.

ಊರಿನವರಿಗೆ ಯಾಕೆ ತಿಳಿಯಲಿಲ್ಲ ಎಂಬುದಕ್ಕೂ ಉತ್ತರ ಅಲ್ಲೇ ಇದೆ. ಸಾವುಗಳ ಸುಳಿವು ಮೊದಲು ಸಿಗುವುದು ಯಮಾಇರಿ ಎಂಬ ಬೆಟ್ಟದ ಕೇರಿಯಲ್ಲಿ, ಅಲ್ಲಿ ಉಳಿದಿದ್ದವರೇ ಮೂವರು ಮುದುಕರು. ಮುದುಕರು ಸತ್ತರು, ಅಷ್ಟೆ. ಆಮೇಲೆ ಹದಿನೈದರ ಹುಡುಗಿ ಮೆಗುಮಿ. ಸೆಖೆ, ಸುಸ್ತು, ಊಟ ಸೇರದಿರುವುದು: ಜಪಾನಿನ ಬೇಸಿಗೆಯಲ್ಲಿ ಯಾರ ಮನೆಯಲ್ಲಾದರೂ ಒಬ್ಬರಿಗೆ ಇದ್ದೇ ಇರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ರಕ್ತಹೀನತೆ, ಎರಡು ದಿನ ತಡವಾದರೆ ಅಂಗಗಳು ಒಂದೊಂದಾಗಿ ಕೈಕೊಡುತ್ತವೆ. ಊರಿನ ಡಾಕ್ಟರ್ ಓಜಾಕಿ ತೋಶಿಯೊ ಮೊದಲು ಯೋಚಿಸುವುದು ಸಾಂಕ್ರಾಮಿಕವನ್ನು, ಅದೇ ಸರಿಯಾದ ಯೋಚನೆ. ನನ್ನನ್ನು ಕೇಳಿದರೆ ಭಯಕಥೆಗಳಲ್ಲಿ ಇಷ್ಟು ಪ್ರಾಮಾಣಿಕವಾಗಿ ಕೆಲಸ ಮಾಡುವ ವೈದ್ಯ ಅಪರೂಪ. ಪುಸ್ತಕ ತಿರುವುತ್ತಾನೆ, ರಾತ್ರಿ ನಿದ್ದೆಗೆಟ್ಟು ಸಾವುಗಳ ಪಟ್ಟಿ ಬರೆಯುತ್ತಾನೆ. ಗೆಳೆಯ ಮುರೋಯ್ ಸೇಶಿನ್‌ನನ್ನು ಕರೆದು ಕೂರಿಸಿಕೊಳ್ಳುತ್ತಾನೆ. ಇವನು ದೇವಾಲಯದ ಕಿರಿಯ ಅರ್ಚಕ, ಕಾದಂಬರಿಯನ್ನೂ ಬರೆಯುವವನು. ಇಬ್ಬರೂ ಸೇರಿ, ಜನ ಗಾಬರಿಯಾಗಬಾರದೆಂದು ಸದ್ಯಕ್ಕೆ ಸುಮ್ಮನಿರಲು ತೀರ್ಮಾನಿಸುತ್ತಾರೆ. ಆ ‘ಸದ್ಯಕ್ಕೆ’ ಎಷ್ಟೋ ಜೀವ ತಿನ್ನುತ್ತದೆ.

ಇದಕ್ಕಿಂತ ಚಾಣಾಕ್ಷವಾದದ್ದು ಕಾಗದಪತ್ರದ ಸಂಗತಿ. ಕಚ್ಚಿಸಿಕೊಂಡವರು ಕಚ್ಚಿದವರ ಮಾತು ಕೇಳುತ್ತಾರೆ. ಕೆಲಸ ಬಿಡು ಎಂದರೆ ಬಿಡುತ್ತಾರೆ, ಊರು ಬಿಟ್ಟುಹೋಗುತ್ತೇನೆಂದು ನೆರೆಯವರಿಗೆ ಹೇಳು ಎಂದರೆ ಹೇಳುತ್ತಾರೆ. ರಾತ್ರೋರಾತ್ರಿ ಸಾಮಾನು ಸಾಗಿಸುವ ಲಾರಿ ಬರುತ್ತದೆ, ಬೆಳಿಗ್ಗೆ ಮನೆ ಖಾಲಿ. ಸತ್ತವರ ಲೆಕ್ಕಕ್ಕೆ ಸೇರಬೇಕಾದವರು ವಲಸೆ ಹೋದವರ ಲೆಕ್ಕಕ್ಕೆ ಸೇರುತ್ತಾರೆ. ಊರಿನ ಪೊಲೀಸ್ ಪೇದೆಯ ಜಾಗಕ್ಕೆ ಹೊಸಬ, ಶವಸಂಸ್ಕಾರ ನಡೆಸಿಕೊಡುವ ಹೊಸ ಕಂಪನಿ, ಇನ್ನೊಂದು ಆಸ್ಪತ್ರೆ. ಗ್ರಾಮ ಕಚೇರಿ ಹಗಲು ಬಾಗಿಲು ಹಾಕಿ ರಾತ್ರಿ ಕೆಲಸ ಮಾಡತೊಡಗುತ್ತದೆ. ಮರಣಪತ್ರ ಬರೆಯುವ ಕೈ, ಹೂಳಲು ಅನುಮತಿ ಕೊಡುವ ಮುದ್ರೆ, ಗುಂಡಿ ತೋಡುವ ಗುದ್ದಲಿ, ಎಲ್ಲವೂ ಒಂದೇ ಕಡೆಯವರದ್ದಾದ ಮೇಲೆ ಸಾವು ಸಾವಾಗಿ ದಾಖಲಾಗುವುದು ಎಲ್ಲಿ?

ಹೊರಗಿನವರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ಹಳ್ಳಿಗಳು ಖಾಲಿಯಾಗುವುದು ಆಗಲೇ ಜಪಾನಿನ ದಿನನಿತ್ಯದ ಸುದ್ದಿ. ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದ, ಒಟ್ಟಾಗಿ ಬದುಕುವುದೇ ಕಷ್ಟವಾದ ಊರುಗಳಿಗೆ ‘ಗೆನ್‌ಕೈ ಶೂರಾಕು’ ಎಂಬ ಹೆಸರನ್ನು ಸಮಾಜಶಾಸ್ತ್ರಜ್ಞ ಓನೊ ಅಕಿರಾ ಕೊಟ್ಟಿದ್ದರು. ಕಟ್ಟಕಡೆಯ ಅಂಚಿಗೆ ಬಂದ ಊರು ಎಂದರ್ಥ. ಕಾದಂಬರಿ ಬಂದ ಮರುವರ್ಷ, 1999ರಲ್ಲಿ, ಊರು-ಪಟ್ಟಣಗಳನ್ನು ಒಂದಕ್ಕೊಂದು ವಿಲೀನ ಮಾಡುವ ದೊಡ್ಡ ಕಾರ್ಯಕ್ರಮ ಶುರುವಾಯಿತು. 2010ರ ಹೊತ್ತಿಗೆ 3,232 ಸ್ಥಳೀಯ ಆಡಳಿತಗಳು 1,727ಕ್ಕೆ ಇಳಿದವು. ಎಷ್ಟೋ ಹಳ್ಳಿಗಳ ಹೆಸರು ಆಡಳಿತದ ಪಟ್ಟಿಯಿಂದಲೇ ಅಳಿಸಿಹೋಯಿತು. ಮೂವರು ಮುದುಕರು ಸತ್ತು ಖಾಲಿಯಾದ ಯಮಾಇರಿಯೇ ಆಮೇಲೆ ಪಿಶಾಚಿಗಳ ಬೀಡಾಗುತ್ತದೆ, ಗಮನಿಸಿದಿರಾ? ಜನ ಬಿಟ್ಟುಹೋದ ಮನೆಗಳಲ್ಲಿ ಅವರು ಸಂಸಾರ ಹೂಡುತ್ತಾರೆ.

ಪಾಶ್ಚಾತ್ಯ ರಕ್ತಪಿಶಾಚಿ ಕಥೆಗಳಿಂದ ಕಾದಂಬರಿಕಾರ್ತಿ ಓನೊ ಫುಯುಮಿ ತಂದುಕೊಂಡದ್ದು ಬಹಳ ಇದೆ, ಅವರು ಅದನ್ನು ಬಚ್ಚಿಟ್ಟಿಲ್ಲ. ಕಾದಂಬರಿಯ ಅರ್ಪಣೆಯೇ ಸ್ಟೀಫನ್ ಕಿಂಗ್ ಅವರ 1975ರ ‘ಸೇಲಮ್ಸ್ ಲಾಟ್’ಗೆ. ಬಿಸಿಲಿಗೆ ಸುಡುವುದು, ಎದೆಗೆ ಗೂಟ ಹೊಡೆಯುವುದು, ಕರೆಯದೆ ಮನೆಯೊಳಗೆ ಬರಲಾಗದಿರುವುದು, ಎಲ್ಲ ಅಲ್ಲಿಂದ ಬಂದ ನಿಯಮಗಳು. ಆದರೆ ಕರೆಯದೆ ಬರಬಾರದು ಎಂಬ ನಿಯಮವನ್ನು ತಂದು ಜಪಾನಿನ ಹಳ್ಳಿಯ ಹೊಸ್ತಿಲಲ್ಲಿಟ್ಟಾಗ ಅದರ ಅರ್ಥವೇ ಬದಲಾಗುತ್ತದೆ. ಬಾಗಿಲಿಗೆ ಬೀಗ ಹಾಕದ ಊರು ಅದು. ಬಂದವರು ನಿನ್ನೆ ಮೊನ್ನೆಯವರೆಗೆ ಪಕ್ಕದ ಮನೆಯಲ್ಲಿದ್ದವರು, ಅಥವಾ ನಿಮ್ಮದೇ ಮಗ. ಬೇಸಿಗೆಯ ನಡುವೆ ‘ಓಬೊನ್’ ಬರುತ್ತದೆ, ಬಹುಪಾಲು ಕಡೆ ಆಗಸ್ಟ್ ಮಧ್ಯದಲ್ಲಿ. ಆ ದಿನಗಳಲ್ಲಿ ಮನೆಮುಂದೆ ಬೆಂಕಿ ಹಚ್ಚಿ ಸತ್ತ ಹಿರಿಯರನ್ನು ಒಳಗೆ ಕರೆಯುತ್ತಾರೆ, ಉಪಚರಿಸಿ, ಮತ್ತೆ ಬೆಂಕಿ ಹಚ್ಚಿ ಕಳಿಸಿಕೊಡುತ್ತಾರೆ. ಸತ್ತವರಿಗೆ ವರ್ಷವರ್ಷ ‘ಬನ್ನಿ’ ಎನ್ನುವ ಊರಿನಲ್ಲಿ ಸತ್ತವರು ಬಂದು ಬಾಗಿಲು ತಟ್ಟಿದರೆ ಏನು ಹೇಳಬೇಕು? ಓನೊ ಕ್ಯೋಟೋದ ಓತಾನಿ ವಿಶ್ವವಿದ್ಯಾಲಯದಲ್ಲಿ ಬೌದ್ಧ ಅಧ್ಯಯನ ಓದಿದವರು. ಸಾವಿನ ಸುತ್ತಲಿನ ಆಚರಣೆಗಳನ್ನು ಅವರು ಅಲಂಕಾರಕ್ಕೆ ಬಳಸಿಲ್ಲ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

‘ಶಿಕಿ’ ಎಂಬ ಪದದಲ್ಲೂ ಇದೇ ಇದೆ. ಎರಡು ಚೀನೀ ಅಕ್ಷರ: ಮೊದಲನೆಯದು ಹೆಣ, ಎರಡನೆಯದು ಪಿಶಾಚಿ. ಊರಿನವರು ತಮ್ಮ ಹಳೆಯ ಕಥೆಗಳ ಪ್ರಕಾರ ಇವರನ್ನು ‘ಒಕಿಅಗಾರಿ’, ಅಂದರೆ ಎದ್ದವರು ಎನ್ನುತ್ತಾರೆ. ಶಿಕಿ ಎಂಬ ಹೆಸರನ್ನು ಪಿಶಾಚಿಗಳ ಒಡತಿ ಸುನಾಕೊ ತೆಗೆದುಕೊಂಡಿದ್ದು ಸೇಶಿನ್‌ನ ಬರಹದಿಂದ. ಜಪಾನಿನ ಪ್ರೇತಕ್ಕೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ, ಹಗೆಯೊಂದು ಹೊಗೆಯಾಗಿ ತೇಲಿ ಬಂದಂತಿರುತ್ತದೆ. ಶಿಕಿಗೆ ಪೂರ್ತಿ ದೇಹವಿದೆ, ನೆನಪಿದೆ, ನಾಚಿಕೆಯಿದೆ. ಹಗೆಯೂ ಇಲ್ಲ, ಬರೀ ಹಸಿವು. ನಿಮಗೆ ಮರುಕ ಹುಟ್ಟಿದ್ದು ಇಲ್ಲಿಂದ.

ಹೇಸಿಗೆಯ ಮಾತಿಗೆ ಬರೋಣ. ಅದರ ಮೊದಲ ಬೀಜ ಒಂದೇ ಕೋಣೆಯಲ್ಲಿದೆ. ತೋಶಿಯೊನ ಹೆಂಡತಿ ಕ್ಯೋಕೊಳನ್ನೂ ಕಚ್ಚುತ್ತಾರೆ, ಅವಳು ಸಾಯುತ್ತಾಳೆ. ಅವನು ಯಾರಿಗೂ ಹೇಳುವುದಿಲ್ಲ. ತನ್ನ ಆಸ್ಪತ್ರೆಯಲ್ಲೇ ಬಾಗಿಲು ಹಾಕಿಕೊಂಡು, ಹೆಣದ ಪಕ್ಕ ಕೂತು ಕಾಯುತ್ತಾನೆ. ಎದ್ದಾಗ ಅವಳನ್ನು ಕಟ್ಟಿಹಾಕಿದ್ದಾನೆ. ಒಂದರ ನಂತರ ಒಂದು ಪರೀಕ್ಷೆ: ಯಾವ ಔಷಧಿ ಚುಚ್ಚಿದರೆ ಏನಾಗುತ್ತದೆ, ಗಾಯ ಎಷ್ಟು ಬೇಗ ಮಾಯುತ್ತದೆ, ಬಿಸಿಲು ತಾಗಿದರೆ ಏನು. ಅವಳು ಅಳುತ್ತಾಳೆ, ಅವನು ಬರೆದುಕೊಳ್ಳುತ್ತಾನೆ. ಕೊನೆಗೆ ಗೂಟ. ಅಲ್ಲಿಗೆ ಬಂದ ಸೇಶಿನ್ ಅದನ್ನು ನೋಡುತ್ತಾನೆ, ಗೆಳೆತನ ಅಲ್ಲಿಗೆ ಮುರಿಯುತ್ತದೆ. ಆ ಪುಟಗಳಲ್ಲಿ ತೋಶಿಯೊನನ್ನು ರಾಕ್ಷಸನೆಂದು ಬೈಯಲು ಹೊರಟರೆ ಬಾಯಿ ಕಟ್ಟುತ್ತದೆ. ಅವನ ಆ ಬರಹವಿಲ್ಲದಿದ್ದರೆ ಊರಿಗೆ ಉಳಿಯುವ ದಾರಿಯೇ ಇರಲಿಲ್ಲ. ಸರಿ ಎನ್ನಲೂ ಆಗುವುದಿಲ್ಲ, ಅವಳು ಕಿರುಚುತ್ತಿದ್ದಾಳೆ. ಫುಜಿಸಾಕಿಯ ಚಿತ್ರಗಳ ಬಗ್ಗೆ ಹಲವರಿಗೆ ತಕರಾರಿದೆ, ಕೂದಲು, ಬಟ್ಟೆ ಎಲ್ಲ ಅತಿ, ಹಳ್ಳಿಯವರಂತೆ ಕಾಣುವುದಿಲ್ಲ ಎಂದು. ತಕರಾರಿನಲ್ಲಿ ನಿಜವಿದೆ. ಆದರೆ ಈ ದೃಶ್ಯದಲ್ಲಿ ಅದೇ ಅತಿರೇಕ ಎಷ್ಟು ಕೆಲಸ ಮಾಡಿದೆ ನೋಡಿ.

ಆಮೇಲೆ ಹಬ್ಬದ ರಾತ್ರಿ ತೋಶಿಯೊ ಕಿರಿಶಿಕಿ ಮನೆಯ ಚಿಜುರುವನ್ನು ಜನರ ಮುಂದೆ ತಂದು, ಅವಳ ನಾಡಿ ಮಿಡಿಯುತ್ತಿಲ್ಲವೆಂದು ತೋರಿಸುತ್ತಾನೆ. ಅಲ್ಲಿಂದ ಊರು ತಿರುಗಿಬೀಳುತ್ತದೆ. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು: ಬೇಟೆಗೆ ಇಳಿದ ಊರು ಹೊಸದೇನನ್ನೂ ಕಲಿಯುವುದಿಲ್ಲ. ಜಪಾನಿನ ಹಳ್ಳಿಗಳಲ್ಲಿ ಸಾವಾದರೆ ನೆರೆಹೊರೆಯವರ ಗುಂಪೊಂದು ತಾನೇ ಮುಂದೆ ನಿಂತು ಎಲ್ಲ ನೋಡಿಕೊಳ್ಳುವ ಪದ್ಧತಿ ಇತ್ತು. ಗಂಡಸರು ಗುಂಡಿ ತೋಡುವುದು, ಹೆಂಗಸರು ಅಡುಗೆಗೆ ನಿಲ್ಲುವುದು, ಯಾರು ಏನು ಹೊರಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಸೊತೊಬಾದಲ್ಲೂ ಹಾಗೆಯೇ. ಮೊದಲ ಸಂಪುಟಗಳಲ್ಲಿ ಹೆಣ ಹೂಳಲು ಒಟ್ಟಾದ ಅದೇ ಕೈಗಳು ಕೊನೆಯ ಸಂಪುಟಗಳಲ್ಲಿ ಹೆಣ ಅಗೆದು ತೆಗೆಯುತ್ತವೆ. ಮೆಗುಮಿ ಕಾಣೆಯಾದ ರಾತ್ರಿ ಟಾರ್ಚ್ ಹಿಡಿದು ಕಾಡೆಲ್ಲ ಹುಡುಕಿದವರೇ ಈಗ ಗೂಟ ಹಿಡಿದು ಹುಡುಕುತ್ತಿದ್ದಾರೆ. ಗಂಡಸರು ಕೊಂದು ತಂದು ಹಾಕುತ್ತಾರೆ, ಹೆಂಗಸರು ಸಾಲಾಗಿ ಮಲಗಿಸುತ್ತಾರೆ, ನಡುವೆ ಆಯಾಸವಾದಾಗ ಹೆಣಗಳ ಪಕ್ಕದಲ್ಲೇ ಕೂತು ಹರಟುತ್ತ ಬುತ್ತಿ ತಿನ್ನುತ್ತಾರೆ. ಅವರು ಕ್ರೂರಿಗಳಾಗಿಬಿಟ್ಟರು ಅನ್ನಿಸುವುದಕ್ಕಿಂತ, ಇದೂ ಅವರಿಗೆ ಊರಿನ ಕೆಲಸ ಅನ್ನಿಸುವುದೇ ಮೈನಡುಗಿಸುತ್ತದೆ. ಪಿಶಾಚಿಗಳು ಒಳಗೆ ನುಸುಳಿದ್ದು ಊರಿನ ಒಗ್ಗಟ್ಟಿನ ದಾರಿಯಲ್ಲಿ, ಊರು ಅವರನ್ನು ಮುಗಿಸಿದ್ದೂ ಅದೇ ದಾರಿಯಲ್ಲಿ. ಮೊದಲು ನಿಮಗೆ ಸಿಟ್ಟು ತರಿಸಿದ್ದು ಆ ಒಗ್ಗಟ್ಟಿನ ಮೌನ, ಆಮೇಲೆ ಹೇಸಿಗೆ ತರಿಸಿದ್ದು ಅದರದೇ ದುಡಿಮೆ.

ಊರನ್ನು ದ್ವೇಷಿಸಿ ಪಟ್ಟಣಕ್ಕೆ ಓಡಬೇಕೆಂದು ಹಂಬಲಿಸಿದ ಮೆಗುಮಿ, ಸತ್ತು ಎದ್ದ ಮೇಲೂ ಊರು ದಾಟುವುದಿಲ್ಲ. ಅನಿಮೆಯಲ್ಲಿ ಅವಳನ್ನು ಹೊಲದಲ್ಲಿ ಅಡ್ಡಗಟ್ಟಿ ಟ್ರ್ಯಾಕ್ಟರ್ ಹರಿಸುತ್ತಾರೆ. ಬೇಸಾಯದ ಯಂತ್ರ, ಬೆಳೆದ ಊರಿನದೇ ಜನ. ಅವಳು ಎಷ್ಟೋ ಜನರ ನೆತ್ತರು ಕುಡಿದವಳು ಎಂಬುದನ್ನು ನೆನಪಿಟ್ಟುಕೊಂಡೇ ನಾನು ಅದನ್ನು ನೋಡಿದೆ, ಆದರೂ ತಡೆದುಕೊಳ್ಳಲಾಗಲಿಲ್ಲ. ಹಳ್ಳಿಯಿಂದ ಹೊರಟ ಯಾವ ಹುಡುಗಿಗಾದರೂ ಆ ದೃಶ್ಯ ಎಲ್ಲಿ ಚುಚ್ಚುತ್ತದೆ ಎಂದು ವಿವರಿಸಬೇಕಿಲ್ಲ.

ಯಾರ ಪರ ನಿಲ್ಲಬೇಕು ಎಂದು ಕೇಳಿದ್ದೀರಿ. ಸೇಶಿನ್ ಸುನಾಕೊಳ ಪರ ನಿಲ್ಲುತ್ತಾನೆ. ಮನುಷ್ಯರ ನಡುವೆ ತನಗೆ ಜಾಗವಿಲ್ಲವೆಂದು ಮೊದಲೇ ನಂಬಿದ್ದವನು ಅವನು, ಬರೆಯುತ್ತಿದ್ದ ಕಾದಂಬರಿಯೂ ತಮ್ಮನನ್ನು ಕೊಂದ ಅಣ್ಣನೊಬ್ಬನದು, ಬೈಬಲಿನ ಕಾಯಿನ-ಹೇಬೆಲರ ಕಥೆಯ ನೆರಳು ಅದರ ಮೇಲಿದೆ. ಅವನ ಆಯ್ಕೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ತಾವು ಕೊಲ್ಲುವುದು ಬದುಕಲಿಕ್ಕಾಗಿ, ಅದು ತಪ್ಪು ಹೇಗಾದೀತು ಎಂದು ಸುನಾಕೊ ಕೇಳುತ್ತಾಳೆ. ತೋಶಿಯೊ ಕೂಡ ಕೊಂದದ್ದು ಊರು ಬದುಕಲೆಂದೇ. ಎರಡು ಕಡೆಯ ವಾದವೂ ಒಂದೇ, ಹಾಗಾಗಿ ವಾದದಿಂದ ಇದು ತೀರ್ಮಾನವಾಗುವುದಿಲ್ಲ.

ಓಜಾಕಿ ಆಸ್ಪತ್ರೆಯ ನರ್ಸ್ ರಿತ್ಸುಕೊಳನ್ನು ನೆನಪಿಸಿಕೊಳ್ಳಿ, ಕಥೆಯ ಗದ್ದಲದಲ್ಲಿ ಅವಳು ಸುಲಭವಾಗಿ ಮರೆತುಹೋಗುತ್ತಾಳೆ. ಅವಳೂ ಸಾಯುತ್ತಾಳೆ, ಏಳುತ್ತಾಳೆ. ಎದುರಿಗೆ ಆಹಾರವಾಗಿ ತಂದು ಕೂರಿಸಿದ್ದು ಜೊತೆಗೆ ಕೆಲಸ ಮಾಡಿದ ಯಾಸುಯೊಳನ್ನು. ಹಸಿವಿನಿಂದ ಮೈ ಒಡೆಯುತ್ತಿದೆ. ಅವಳು ಕಚ್ಚುವುದಿಲ್ಲ. ಎಷ್ಟು ಹೊತ್ತಾದರೂ ಕಚ್ಚುವುದಿಲ್ಲ. ಕಾವಲಿಗಿದ್ದವನು ತೋರು, ಗೆಳೆಯ ನತ್ಸುನೊನನ್ನೇ ಕಚ್ಚಿ ಕೊಂದ ಹುಡುಗ, ಆ ಪಾಪವನ್ನು ಹೊತ್ತು ತಿರುಗುತ್ತಿರುವವನು. ಕಚ್ಚದೆಯೂ ಇರಬಹುದು ಎಂಬುದನ್ನು ಅವನು ನೋಡುವುದು ಅವಳಲ್ಲೇ ಮೊದಲು. ಯಾಸುಯೊ ತಪ್ಪಿಸಿಕೊಂಡು ಹೋಗಲು ರಿತ್ಸುಕೊ ಬಿಡುತ್ತಾಳೆ. ತೋರು ಓಡಿಹೋಗುವುದಿಲ್ಲ, ಅವಳ ಪಕ್ಕದಲ್ಲೇ ಉಳಿಯುತ್ತಾನೆ. ಬೇಟೆಗಾರರು ಬಾಗಿಲು ಒಡೆದು ಒಳಗೆ ಬಂದಾಗ ಇಬ್ಬರೂ ಒಟ್ಟಿಗೆ ಇದ್ದರು, ಒಟ್ಟಿಗೇ ಸತ್ತರು. ಕೊಂದವರಿಗೆ ಅವಳು ಯಾರನ್ನೂ ಕಚ್ಚಿರಲಿಲ್ಲವೆಂದು ಗೊತ್ತಿರಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ. ನಾನು ನಿಂತಿರುವುದು ಅವಳ ಪಕ್ಕದಲ್ಲಿ.